ಹಾಪ್ಸ್ ಮುಂದಿನ 60, 15, 0: ಯಾವ ಕಡೆಯಿಂದ ಎಣಿಸಬೇಕು?

ಅಮೆರಿಕನ್ ಪೇಲ್ ಏಲ್ ಎಂಬ ಬಿಯರ್‌ನ ರೆಸಿಪಿಯಲ್ಲಿ ಕ್ಯಾಸ್ಕೇಡ್ ತಳಿಯ ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂ) ಮುಂದೆ 60, 15, 0 ನಿಮಿಷ ಅಂತಿದೆ, ಮಾಲ್ಟ್‌ನ (ಮೊಳಕೆ ಧಾನ್ಯದ) ಸಿಹಿ ರಸ ಕುದಿ ಬಂದು ಅಷ್ಟು ಹೊತ್ತಾದ ಮೇಲೆ ಹಾಕಬೇಕಾ ಅಂತ ಕೇಳಿದ್ದೀರಿ. ಅಲ್ಲ, ಹಿಂದಿನಿಂದ ಎಣಿಸಬೇಕು. ಕುದಿ ಮುಗಿಯಲು ಇನ್ನೆಷ್ಟು ನಿಮಿಷ ಇದೆ ಅನ್ನುವ ಲೆಕ್ಕ ಅದು. ಒಂದು ಗಂಟೆ ಕುದಿಸುವುದಾದರೆ 60 ಅಂದರೆ ಕುದಿ ಬಂದ ಕೂಡಲೇ, 15 ಅಂದರೆ 45 ನಿಮಿಷ ಕಳೆದ ಮೇಲೆ, 0 ಅಂದರೆ ಒಲೆ ಆರಿಸಿದಾಗ. ಇದು ತಿರುಗುಮುರುಗಾದರೆ ಬಿಯರೇ ಬೇರೆಯಾಗುತ್ತದೆ. ಹಾಪ್ಸ್‌ನಲ್ಲಿರುವ ಆಲ್ಫಾ ಆಮ್ಲ ಮಾರ್ಪಟ್ಟು ಕಹಿ ಕೊಡಲು ತುಂಬಾ ಹೊತ್ತು ಕುದಿಯಬೇಕು. ಪರಿಮಳದ ಎಣ್ಣೆಗಳು ಅಷ್ಟರಲ್ಲಿ ಹಬೆಯ ಜತೆ ಹಾರಿಹೋಗಿರುತ್ತವೆ. ಸಾರು ಇಳಿಸುವಾಗ ಕೊತ್ತಂಬರಿ ಸೊಪ್ಪು ಉದುರಿಸುವುದೂ ಇದಕ್ಕೇ ಅಲ್ಲವೇ?

ಪ್ಯಾಕೆಟ್ ಮೇಲಿನ ಆಲ್ಫಾ ಶೇಕಡಾವಾರನ್ನೂ ನೋಡಿ. ರೆಸಿಪಿ 5 ಅಂದುಕೊಂಡು ಬರೆದದ್ದು, ನಿಮ್ಮ ಹಾಪ್ಸ್ 10 ಇದೆ ಅಂದರೆ 60ರ ಪಾಲನ್ನು ಅರ್ಧ ಮಾಡಿ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಹುಳಿಯಲು ‘ಎರಡು ವಾರ’ ಅಂತ ಬರೆದಿದೆ ಅಂತ ಬಾಟಲಿಗೆ ತುಂಬಬೇಡಿ. ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಉಪಕರಣ) ರೀಡಿಂಗ್ ಎರಡು ಮೂರು ದಿನ ಕದಲದೆ, ರೆಸಿಪಿಯಲ್ಲಿರುವ ಕೊನೆಯ ಗ್ರಾವಿಟಿ (ಹುಳಿತ ಮುಗಿದಾಗಿನ ಸಾಂದ್ರತೆ) ಹತ್ತಿರ ನಿಂತಿರಬೇಕು. ಯೀಸ್ಟ್ ಇನ್ನೂ ಸಕ್ಕರೆ ತಿನ್ನುತ್ತಿರುವಾಗಲೇ ಮುಚ್ಚಳ ಬಿಗಿದರೆ ಒತ್ತಡ ಏರಿ ಬಾಟಲಿ ಸಿಡಿಯಬಹುದು.