ಕೋಳಿ ಅರಗಿಸಿಕೊಂಡ ಅನ್ನಕ್ಕೆ ದನ ಯಾಕೆ ಮೆಲುಕು ನಿಲ್ಲಿಸಿತು?

ಅಕ್ಕಾ, ದೇವಸ್ಥಾನದ ಬ್ರಹ್ಮಕಲಶದ ಊಟದಲ್ಲಿ ಉಳಿದ ಅನ್ನವನ್ನು ನಿನ್ನೆ ಸಂಜೆ ದನಕ್ಕೆ ಒಂದು ಬುಟ್ಟಿ, ಕೋಳಿಗಳಿಗೆ ಸ್ವಲ್ಪ ಹಾಕಿದ್ದೀರಿ. ಕೋಳಿ ಹುಷಾರಿವೆ, ದನ ಬೆಳಿಗ್ಗೆಯಿಂದ ಮೆಲುಕು ಹಾಕಿಲ್ಲ ಅಂತ ಬರೆದಿದ್ದೀರಿ. ಮೊದಲು ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಡಾಕ್ಟರನ್ನು ಕರೆಸಿ. ಉಳಿದದ್ದು ಅವರು ಬರುವಷ್ಟರಲ್ಲಿ ಓದಿ.

ಅನ್ನ ಹಳಸಿತ್ತು, ಅದಕ್ಕೇ ಹೀಗಾಯಿತು ಅಂತ ಒಬ್ಬರು ಹೇಳಿದ್ದಾರೆ. ಆಗಷ್ಟೇ ಬಸಿದ ಅನ್ನವಾದರೂ ಇದೇ ಆಗುತ್ತಿತ್ತು ಮಾರಾಯ್ರೆ. ದನದ ಬಾಯಿ ನೋಡಿ, ಮೇಲೆ ಮುಂದಿನ ಹಲ್ಲೇ ಇಲ್ಲ, ಗಟ್ಟಿ ಒಸಡು ಮಾತ್ರ. ನಾಲಗೆ ಸುತ್ತಿ ಹುಲ್ಲು ಕೀಳುತ್ತದೆ, ಅರೆಬರೆ ಅಗಿದು ನುಂಗುತ್ತದೆ. ಅರೆಯುವ ಕೆಲಸ ಆಮೇಲೆ, ಮಲಗಿ ಮೆಲುಕು ಹಾಕುವಾಗ. ಮೊದಲ ಹೊಟ್ಟೆ ದೊಡ್ಡ ದನದಲ್ಲಿ 100 ಲೀಟರಿಗೂ ಮೇಲೆ ಹಿಡಿಯುವ ಹಂಡೆ, ಅಲ್ಲಿ ಹುಲ್ಲು ಕರಗಿಸುವುದು ಸೂಕ್ಷ್ಮಜೀವಿಗಳು. ಬೈಹುಲ್ಲಿನ ನಾರು ನಿಧಾನ ಕರಗುತ್ತದೆ, ಮೆಲುಕಿನ ಜೊಲ್ಲಿನಲ್ಲಿರುವ ಸೋಡ ಹುಳಿಯನ್ನು ತಗ್ಗಿಸುತ್ತ ಇರುತ್ತದೆ. ಅನ್ನದಲ್ಲಿ ಅಗಿಯಲು ಏನಿದೆ? ಜೊಲ್ಲು ಇಳಿಯುವುದಿಲ್ಲ, ಪಿಷ್ಟ ಮಾತ್ರ ರಾತ್ರಿಯಿಟ್ಟ ದೋಸೆ ಹಿಟ್ಟಿನ ಹಾಗೆ ಹುಳಿಯುತ್ತದೆ. 6–7ರ ನಡುವೆ ಇರಬೇಕಾದ ಪಿಎಚ್ (ಹುಳಿ ಅಳೆಯುವ ಅಂಕಿ, ಇಳಿದಷ್ಟೂ ಹುಳಿ ಹೆಚ್ಚು) 5ಕ್ಕಿಂತ ಕೆಳಗಿಳಿದರೆ ನಾರು ತಿನ್ನುವ ಜೀವಿಗಳು ಸಾಯುತ್ತವೆ. ಆ ಹುಳಿ ಮೈಯ ನೀರನ್ನೆಲ್ಲ ಹೊಟ್ಟೆಗೆ ಎಳೆಯುತ್ತದೆ. ಕಣ್ಣು ಗುಳಿ ಬೀಳುವುದು, ಹುಳಿ ವಾಸನೆಯ ತೆಳು ಸಗಣಿ, ತೂರಾಡುವ ನಡಿಗೆ ಎಲ್ಲ ಅದರಿಂದಲೇ.

ಕೋಳಿಗೆ ಈ ಹಂಡೆಯೇ ಇಲ್ಲ. ಕುತ್ತಿಗೆಯ ಚೀಲದಲ್ಲಿ ನೆನೆದ ಕಾಳು ಕಲ್ಲಿರುವ ಗಟ್ಟಿ ಹೊಟ್ಟೆಯಲ್ಲಿ ಅರೆದು, ಪಿಷ್ಟ ನೇರ ಕರುಳಲ್ಲಿ ಜೀರ್ಣ. (ಕೂಡಿ ಹಾಕಿದ ಕೋಳಿಗೆ ಸಣ್ಣ ಜಲ್ಲಿ ಇಡಿ. ಮರುವಾಯಿ ಚಿಪ್ಪು ಮೊಟ್ಟೆಯ ಸಿಪ್ಪೆಗೆ ಒಳ್ಳೆಯದು, ಆದರೆ ಹೊಟ್ಟೆಯಲ್ಲಿ ಕರಗಿಹೋಗುತ್ತದೆ, ಅರೆಯಲು ಒದಗುವುದಿಲ್ಲ.)

ಈಗ ಎಡಪಕ್ಕೆಯ ಗುಳಿಯಲ್ಲಿ ಮುಷ್ಟಿ ಒತ್ತಿ ಹಿಡಿಯಿರಿ. ಸರಿಯಿದ್ದರೆ ನಿಮಿಷಕ್ಕೆ ಒಂದೆರಡು ಸಲ ಒಳಗಿನಿಂದ ಕೈ ತಳ್ಳುತ್ತದೆ. ಏನೂ ತಳ್ಳದೆ ಕುಲುಕಿದರೆ ನೀರು ಸದ್ದಾದರೆ ಹುಳಿ ಜೋರಾಗಿದೆ ಅಂತ ಲೆಕ್ಕ. ಅಕ್ಕಚ್ಚು (ಅಕ್ಕಿ ತೊಳೆದ ನೀರು), ಹಿಂಡಿ ಎಲ್ಲ ನಿಲ್ಲಿಸಿ ಒಣ ಬೈಹುಲ್ಲು ಮಾತ್ರ ಮುಂದಿಡಿ. ದನ ನಿಂತಿದ್ದು ಹೊಟ್ಟೆ ಉಬ್ಬಿಲ್ಲದಿದ್ದರೆ, ಡಾಕ್ಟರನ್ನು ಫೋನಿನಲ್ಲಿ ಕೇಳಿ, 150 ಗ್ರಾಂ ಅಡುಗೆ ಸೋಡವನ್ನು ಒಂದೂವರೆ ಲೀಟರ್ ನೀರಲ್ಲಿ ಕದಡಿ ಬಾಯಿಯ ಬದಿಯಿಂದ ಸ್ವಲ್ಪ ಸ್ವಲ್ಪ ಕುಡಿಸಬಹುದು. ತಲೆ ಮೇಲೆತ್ತಬೇಡಿ, ನಾಲಗೆ ಎಳೆಯಬೇಡಿ, ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಮಲಗಿದ ದನಕ್ಕೆ, ಉಬ್ಬಿದ ಹೊಟ್ಟೆಗೆ ಸೋಡ ಬೇಡವೇ ಬೇಡ, ಗ್ಯಾಸ್ ಇನ್ನೂ ಹೆಚ್ಚುತ್ತದೆ. ಚೇತರಿಸಿದ ಮೇಲೂ ಕೆಲವು ದಿನ ಗೊರಸು ಮುಟ್ಟಿ ನೋಡಿ. ಬಿಸಿಯಿದ್ದು ಕುಂಟಿದರೆ ಇದರದೇ ಬಾಲ.

ಮುಂದಕ್ಕೆ ಅನ್ನ ಹಾಕಲೇಬೇಕಿದ್ದರೆ ಹೊತ್ತಿಗೆ ಅರ್ಧ ಕಿಲೋ ಸಾಕು, ಅದೂ ಹುಲ್ಲು ತಿಂದ ಮೇಲೆ.

ಊಟದ ಬುಟ್ಟಿಯಲ್ಲಿ ಪ್ಲಾಸ್ಟಿಕ್, ಪಿನ್ನು, ತಂತಿ ಇದ್ದವಾ ನೋಡಿ. ಆಡು ತುಟಿಯಲ್ಲೇ ಆರಿಸಿ ತಿನ್ನುತ್ತದೆ, ದನದ ನಾಲಗೆಗೆ ಆ ವಿದ್ಯೆ ಇಲ್ಲ. ನುಂಗಿದ ತಂತಿ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ, ಅದರ ಮುಂದೆಯೇ ಹೃದಯ. ಸಂಶಯವಿದ್ದರೆ ಇದನ್ನೂ ಡಾಕ್ಟರಿಗೆ ಹೇಳಿ.