ಒಡೆದುಹೋದ ರಾಕ್ ಬ್ಯಾಂಡ್ ಮತ್ತೆ ಒಂದಾದರೂ ಟಿಕೆಟ್ ಯಾಕೆ ಖರ್ಚಾಗುವುದಿಲ್ಲ?

ಹಾಡು ಇಷ್ಟ ಇರುವುದು ಬೇರೆ, ಆ ಬ್ಯಾಂಡನ್ನು ಮಿಸ್ ಮಾಡಿಕೊಳ್ಳುವುದು ಬೇರೆ. ಅಮೆರಿಕದ ಕ್ರೀಡ್ ಬ್ಯಾಂಡನ್ನೇ ನೋಡಿ. 2004ರಲ್ಲಿ ಒಡೆಯಿತು, 2009ರಲ್ಲಿ ಮತ್ತೆ ಸೇರಿ ಪ್ರವಾಸ ಹೊರಟಿತು. ಟಿಕೆಟ್ ನಿರೀಕ್ಷೆಯಷ್ಟು ಹೋಗಲಿಲ್ಲ. ಐದೇ ವರ್ಷ, ಜನರಿಗೆ ನೆನಪಾಗುವಷ್ಟು ದೂರವೇ ಹೋಗಿರಲಿಲ್ಲ, ಜೊತೆಗೆ ಆಗ ಅವರನ್ನು ಗೇಲಿ ಮಾಡುವುದೇ ಫ್ಯಾಷನ್ ಆಗಿತ್ತು. ಅದೇ ಬ್ಯಾಂಡ್ 2024ರಲ್ಲಿ ಬಂದಾಗ ಜನ ಮುಗಿಬಿದ್ದರು. ಹಾಡು ಅವೇ, ಕೇಳುವವರಿಗೆ ವಯಸ್ಸಾಗಿತ್ತು ಅಷ್ಟೇ! ಬ್ರಿಟನ್ನಿನ ಓಯಸಿಸ್ ಬ್ಯಾಂಡ್ ಕೂಡ 2009ರಲ್ಲಿ ಒಡೆದು 2025ರವರೆಗೆ ಕಾಯಿಸಿತು, ಅದಕ್ಕೂ ಜನ ಮುಗಿಬಿದ್ದರು.

ಇನ್ನೊಂದು, ಜಾಗದ ಲೆಕ್ಕ. ಮೂರು ಸಾವಿರ ಜನ ಹಿಡಿಸುವ ಥಿಯೇಟರ್ ತುಂಬಿಸುವ ಬ್ಯಾಂಡ್, ಹದಿನೈದು ಸಾವಿರ ಸೀಟಿನ ಅರೀನಾ ಬುಕ್ ಮಾಡಿದರೆ ಐದು ಸಾವಿರ ಜನ ಬಂದರೂ ಖಾಲಿ ಹೊಡೆಯುತ್ತದೆ. ಆಯೋಜಕರು ಬ್ಯಾಂಡಿಗೆ ದೊಡ್ಡ ಮೊತ್ತ ಕೊಡುತ್ತೇವೆಂದು ಮೊದಲೇ ಒಪ್ಪಿಕೊಂಡಿರುತ್ತಾರೆ, ಅದನ್ನು ವಾಪಸ್ ತೆಗೆಯಲು ದರ ಏರಿಸುತ್ತಾರೆ, ಕೊನೆಗೆ ಸೀಟು ಉಳಿದಾಗ ಇಳಿಸುತ್ತಾರೆ. ಇದನ್ನು ಕಂಡ ಜನ ಮುಂದಿನ ಸಲ ಸುಮ್ನೆ ಕಾದು ಕೂರುತ್ತಾರೆ, ಅಲ್ವಾ?

ಮೂಲ ಸದಸ್ಯರೊಬ್ಬರು ಇಲ್ಲದಿದ್ದರೆ ಕಥೆ ಇನ್ನೂ ಕಷ್ಟ. ಅದರಲ್ಲೂ ಹಾಡುಗಾರರೇ ಬೇರೆ ಅಂದರೆ ಅದನ್ನು ಮರುಮಿಲನ ಅನ್ನುವುದೇ ಸ್ವಲ್ಪ ಜಾಸ್ತಿ ಆಯಿತು.