ಇಂಗ್ಲೆಂಡಿನಲ್ಲಿ ಮಕ್ಕಳ ಜೊತೆ ಹೊಲ ಸುತ್ತೋದು

ಮುಂದಿನ ತಿಂಗಳು ಮಂಡ್ಯದಿಂದ ಇಂಗ್ಲೆಂಡಿಗೆ ಹೊರಟಿದ್ದೀರಿ, ಇಬ್ಬರು ಪುಟ್ಟ ಮಕ್ಕಳು. "ಅಲ್ಲಿ ಸದಾ ಮಳೆಯಂತೆ, ಮಕ್ಕಳನ್ನು ಎಲ್ಲಿ ಓಡಾಡಿಸ್ತೀರಿ ಅಕ್ಕ? ಪಾರ್ಕ್ ಬಿಟ್ಟರೆ ಎಲ್ಲ ಯಾರದೋ ಜಮೀನು, ಒಳಗೆ ಕಾಲಿಟ್ಟರೆ ಬೈಯಲ್ವಾ?" ಅಂತ ಕೇಳಿದ್ದೀರಿ. ನಾನೀಗ ರಜೆಗೆ ಮೈಸೂರಿಗೆ ಬಂದಿದ್ದೇನೆ, ನಿಧಾನವಾಗಿ ಬರೆಯಲು ಪುರುಸೊತ್ತಿದೆ.

ಬೈಯಲ್ಲ. ಅಲ್ಲಿ ಹೊಲ, ಹುಲ್ಲುಗಾವಲಿನ ನಡುವೆಯೇ ಕಾಲುದಾರಿಗಳಿವೆ. ಜಮೀನು ರೈತನದೇ, ಆದರೆ ಆ ದಾರಿಯಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ. ಬೇಲಿಕಂಬದ ಮೇಲೆ ಹಳದಿ ಬಾಣದ ಗುರುತು ಕಂಡರೆ ಧೈರ್ಯವಾಗಿ ಹೋಗಿ. ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೇಯ ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಹಸಿರು ತುಂಡುಗೆರೆ ಎಳೆದಿರುವುದೆಲ್ಲ ಇಂಥ ದಾರಿಗಳೇ. ದಾರಿ ಬಿಟ್ಟು ಬೆಳೆಯೊಳಗೆ ನುಗ್ಗಬೇಡಿ, ಗೇಟು ಹೇಗಿತ್ತೋ ಹಾಗೇ ಬಿಟ್ಟು ಬನ್ನಿ, ಅಷ್ಟೆ.

ತಳ್ಳುಗಾಡಿ ಊರೊಳಗೆ ಸರಿ, ಹೊಲಕ್ಕೆ ಆಗಲ್ಲ. ಎಷ್ಟೋ ಕಡೆ ಬೇಲಿ ದಾಟಲು ಮರದ ಮೆಟ್ಟಿಲು ಹತ್ತಿ ಇಳಿಯಬೇಕು. ಇಲ್ಲವೇ ಅತ್ತಿತ್ತ ಓಲಾಡುವ ಪುಟ್ಟ ಗೇಟು, ಒಬ್ಬೊಬ್ಬರೇ ತೂರಿಕೊಂಡು ಹೋಗಬೇಕು. ಚಿಕ್ಕದನ್ನು ಬೆನ್ನಿಗೆ ಹಾಕಿಕೊಳ್ಳಿ. ನಡೆಯುವ ಮಗುವಿಗೆ ಆ ಗೇಟೇ ದೊಡ್ಡ ಆಟ. ನನ್ನ ಮಗ ಅದರಲ್ಲಿ ಆಚೆ ಹೋಗಿ, ಈಚೆ ಬಂದು, ನಮ್ಮನ್ನೆಲ್ಲ ಹೊರಗೆ ನಿಲ್ಲಿಸಿ "ಟಿಕೆಟ್, ಟಿಕೆಟ್" ಅಂತಾನೆ. ಒಣಗಿದ ಎಲೆ ಕೊಟ್ಟರೇ ಬಿಡೋದು. ಕಿಲೋಮೀಟರ್ ಲೆಕ್ಕ ಹಾಕಿಕೊಂಡು ಹೊರಟರೆ ಸುಮ್ನೆ ಜಗಳ. ಒಂದು ಹೊಲ ದಾಟಿ ಬಂದರೂ ಸಾಕು.

ಮಳೆ ಅಂದರೆ ಹೆಚ್ಚಾಗಿ ಜಿನುಗು. ಗಾಳಿಗೆ ಕೊಡೆ ನಿಲ್ಲಲ್ಲ. ಮಕ್ಕಳಿಗೆ ಮೈ ಕಾಲು ಎಲ್ಲ ಮುಚ್ಚುವ ರೈನ್‌ಸೂಟ್, ರಬ್ಬರ್ ಬೂಟು ಹಾಕಿದರೆ ಆಯ್ತು. ಕೆಸರಲ್ಲಿ ಕುಣಿಯಲಿ ಬಿಡಿ. ಇಲ್ಲಿಂದ ಕೊಂಡೊಯ್ಯಬೇಡಿ, ಅಲ್ಲಿನ ಚಾರಿಟಿ ಅಂಗಡಿಗಳಲ್ಲಿ ಯಾರೋ ಬಳಸಿದ್ದು ಅಗ್ಗಕ್ಕೆ ಸಿಗುತ್ತೆ. ಸೂಟ್‌ಕೇಸಿನಲ್ಲಿ ಜಾಗ ಇದ್ದರೆ ಕೋಡುಬಳೆ, ನಿಪ್ಪಟ್ಟು ತುಂಬಿ. ಹಸಿದ ಮಗು ಹೆಜ್ಜೆ ಎತ್ತಲ್ಲ. ಡಿಸೆಂಬರಿನಲ್ಲಿ ಸಂಜೆ 4ಕ್ಕೆಲ್ಲ ಕತ್ತಲಾಗುತ್ತೆ, ಬೆಳಗ್ಗೆಯೇ ಹೋಗಿ ಬನ್ನಿ.

ಇನ್ನು ಹಸು. ಮಂಡ್ಯದವರಲ್ವಾ, ಕಂಡರೆ ಕತ್ತು ಸವರಲು ಕೈ ಹೋಗುತ್ತೆ. ಬೇಡ. ಅಲ್ಲಿ ಹಗ್ಗ ಇಲ್ಲದೆ ಮೇಯುತ್ತವೆ, ಕರು ಜೊತೆಗಿದ್ದರೆ ಮೇಲೆ ಬೀಳುವುದೂ ಉಂಟು. ದೂರದಿಂದಲೇ ಬಳಸಿಕೊಂಡು ಹೋಗಿ. ಎತ್ತರದ ಹುಲ್ಲಲ್ಲಿ ಓಡಾಡಿದ ದಿನ ಸ್ನಾನ ಮಾಡಿಸುವಾಗ ಮಂಡಿ ಹಿಂದೆ, ಕಿವಿ ಹಿಂದೆ ಉಣ್ಣೆ ಹುಳ ಕಚ್ಚಿದೆಯಾ ನೋಡಿ. ಅದರಿಂದ ಲೈಮ್ ಅನ್ನೋ ಕಾಯಿಲೆ ಬರಬಹುದು. ಕಚ್ಚಿದ ಜಾಗದ ಸುತ್ತ ಕೆಂಪಗೆ ಹರಡಿದರೆ ಡಾಕ್ಟರಿಗೆ ತೋರಿಸಿ.

ಆಗಸ್ಟ್, ಸೆಪ್ಟೆಂಬರಿನಲ್ಲಿ ಬೇಲಿ ತುಂಬ ಬ್ಲ್ಯಾಕ್‌ಬೆರಿ ಹಣ್ಣು. ನಿಮ್ಮ ಸೊಂಟದಿಂದ ಮೇಲಿನವನ್ನು ಕೀಳಿ, ಕೆಳಗಿನವಕ್ಕೆ ನಾಯಿಗಳು ಕಾಲೆತ್ತಿರುತ್ತವೆ!

ಹೊರಡೋ ಮೊದಲು ಇಲ್ಲೇ ಅಭ್ಯಾಸ ಮಾಡಿಸಿ. ಮೈಸೂರಿನ ಕಾರಂಜಿ ಕೆರೆ ಪಾರ್ಕಿಗೆ ಕರೆತನ್ನಿ, ಎತ್ತಿಕೊಳ್ಳದೆ ಎಷ್ಟು ನಡೀತಾರೆ ಗೊತ್ತಾಗುತ್ತೆ. ಮಂಗಳವಾರ ಮಾತ್ರ ಬರಬೇಡಿ, ಬಾಗಿಲು ಹಾಕಿರುತ್ತೆ.